ಆಕ್ಟಿವ್ ಬೇಸ್, ಪ್ಯಾಸಿವ್ ಬೇಸ್: ಗಿಟಾರಿನೊಳಗಿನ ಬ್ಯಾಟರಿ ಏನು ಮಾಡುತ್ತದೆ?

ಮಂದ್ರ ಸ್ವರಗಳನ್ನು ನುಡಿಸುವ ಬೇಸ್ ಗಿಟಾರ್ ಕೊಳ್ಳಲು ಹೋದವರಿಗೆ ಅಂಗಡಿಯವರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು: 'ಆಕ್ಟಿವ್ ಬೇಕಾ, ಪ್ಯಾಸಿವ್ ಬೇಕಾ?' ಕಾಲೇಜಿನ ಬ್ಯಾಂಡ್ ಸೇರಿದ ಮಗಳಿಗೆ ವಾದ್ಯ ಕೊಡಿಸಲು ಬಂದ ಅಪ್ಪ ಅಮ್ಮ, ಚರ್ಚಿನ ಕಾಯರ್‌ಗೆ ಬೇಸ್ ಹುಡುಕುತ್ತಿರುವವರು, ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ಬಿಟ್ಟು ಬೇಸ್ ಹಿಡಿಯಬೇಕೆಂದಿರುವ ಹುಡುಗ, ಯಾರೇ ಆದರೂ ಇಲ್ಲಿ ತಡವರಿಸುತ್ತಾರೆ. ಎರಡೂ ನೋಡಲು ಹೆಚ್ಚುಕಡಿಮೆ ಒಂದೇ ಥರ. ಒಂದೇ ಕಂಪನಿಯದ್ದಾದರೆ ಆಕ್ಟಿವ್‌ಗೆ ಸಾಮಾನ್ಯವಾಗಿ ಬೆಲೆ ಜಾಸ್ತಿ. ಹಾಗಾಗಿ ಆಕ್ಟಿವ್ ಅಂದರೆ ಮೇಲ್ದರ್ಜೆಯದ್ದು, ಪ್ಯಾಸಿವ್ ಅಂದರೆ ಕಲಿಯುವವರಿಗೆ ಮಾಡಿದ್ದು ಅಂದುಕೊಂಡುಬಿಡುವುದು ಸುಲಭ.

ಅದು ನಿಜವಲ್ಲ. ಜಗತ್ತಿನ ದೊಡ್ಡ ಬೇಸ್ ವಾದಕರಲ್ಲಿ ಹಲವರು ಪ್ಯಾಸಿವ್ ಬೇಸಿನಲ್ಲೇ ಹೆಸರು ಮಾಡಿದವರು. ಎರಡರ ವ್ಯತ್ಯಾಸ ಇರುವುದು ವಾದ್ಯದ ಹೊಟ್ಟೆಯೊಳಗಿನ ಒಂದು ಸಣ್ಣ ಸರ್ಕ್ಯೂಟಿನಲ್ಲಿ. ಆ ಸರ್ಕ್ಯೂಟ್ ಏನು ಮಾಡುತ್ತದೆ ಅಂತ ತಿಳಿದರೆ ಯಾವುದು ನಿಮಗೆ ಬೇಕು ಅನ್ನುವುದನ್ನು ನೀವೇ ಹೇಳಬಲ್ಲಿರಿ. ಅದಕ್ಕೆ ತಂತಿಯಿಂದ ಶುರುಮಾಡಬೇಕು.

ತಂತಿ ಅಲುಗಿದರೆ ಕರೆಂಟ್ ಹೇಗೆ ಹುಟ್ಟುತ್ತದೆ

ಸಾಮಾನ್ಯ ಬೇಸ್ ಗಿಟಾರಿಗೆ ನಾಲ್ಕು ತಂತಿ. ದಪ್ಪದ್ದರಿಂದ ಶುರುಮಾಡಿ ಇ, ಎ, ಡಿ, ಜಿ ಎಂದು ಶ್ರುತಿ ಮಾಡುತ್ತಾರೆ. ದಪ್ಪ ಇ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಐದು ತಂತಿಯ ಬೇಸ್ ಆದರೆ ಅದರ ಕೆಳಗೆ ಇನ್ನೊಂದು ಬಿ ತಂತಿ ಇರುತ್ತದೆ, ಅದರದ್ದು ಸುಮಾರು 31 ಸಲ. ಈ ಎಣಿಕೆಗೆ ಹರ್ಟ್ಸ್ ಅನ್ನುತ್ತಾರೆ. ಹರ್ಟ್ಸ್ ಕಡಿಮೆ ಇದ್ದಷ್ಟೂ ಸ್ವರ ಮಂದ್ರ.

ಎಲೆಕ್ಟ್ರಿಕ್ ಬೇಸಿನ ದೇಹ ಗಟ್ಟಿ ಮರದ ಹಲಗೆ. ವೀಣೆಯ ಹಾಗೆ ಟೊಳ್ಳು ಕೊಡವಿಲ್ಲ. ಹಾಗಾಗಿ ಆಂಪ್‌ಗೆ, ಅಂದರೆ ಸದ್ದು ಹೆಚ್ಚಿಸುವ ಆಂಪ್ಲಿಫೈಯರ್‌ಗೆ, ಸೇರಿಸದೆ ನುಡಿಸಿದರೆ ಪಕ್ಕದಲ್ಲಿ ಕೂತವರಿಗೂ ಸರಿಯಾಗಿ ಕೇಳಿಸುವುದಿಲ್ಲ. ತಂತಿಗಳ ಕೆಳಗೆ, ದೇಹದ ಮೇಲೆ ಕೂರಿಸಿರುವ ಕಪ್ಪು ಪಟ್ಟಿಯಂಥ ಭಾಗ ಕಾಣುತ್ತದಲ್ವಾ, ಅದೇ ಪಿಕಪ್. ಅದರೊಳಗೆ ಕೆಲವು ಅಯಸ್ಕಾಂತಗಳು, ಅವುಗಳ ಸುತ್ತ ಕೂದಲೆಳೆಯಷ್ಟು ಸಣ್ಣ ತಾಮ್ರದ ತಂತಿಯ ಸಾವಿರಾರು ಸುತ್ತು. ಮೇಲಿನ ಸ್ಟೀಲ್ ತಂತಿ ಅಲುಗಿದಾಗ ಅಯಸ್ಕಾಂತದ ಕ್ಷೇತ್ರ ಕದಲುತ್ತದೆ. ಕ್ಷೇತ್ರ ಕದಲಿದರೆ ತಾಮ್ರದ ಸುರುಳಿಯಲ್ಲಿ ವೋಲ್ಟೇಜ್ ಹುಟ್ಟುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡ ನಿಯಮ ಇದು. ಇ ತಂತಿ ಸೆಕೆಂಡಿಗೆ 41 ಸಲ ಅಲುಗಿದರೆ ವೋಲ್ಟೇಜ್ ಕೂಡ 41 ಸಲ ಏರಿಳಿಯುತ್ತದೆ. ಅದರ ಜೊತೆಗೆ 82, 123, 164 ಹೀಗೆ ಮೇಲುಸ್ವರಗಳೂ ಇರುತ್ತವೆ. ವಾದ್ಯದ ದನಿಗೆ ಬಣ್ಣ ಕೊಡುವುದು ಈ ಮೇಲುಸ್ವರಗಳೇ.

ಇಷ್ಟರವರೆಗೆ ಬ್ಯಾಟರಿಯ ಮಾತೇ ಬಂದಿಲ್ಲ. ಪಿಕಪ್‌ಗೆ ಹೊರಗಿನಿಂದ ಕರೆಂಟ್ ಬೇಡ. ನಿಮ್ಮ ಬೆರಳಿನ ಬಲವನ್ನೇ ಅದು ವೋಲ್ಟೇಜ್ ಮಾಡಿಕೊಡುತ್ತದೆ. ಬರುವ ವೋಲ್ಟೇಜ್ ತೀರಾ ಕಡಿಮೆ. ಮೆತ್ತಗೆ ಮೀಟಿದರೆ ಒಂದು ವೋಲ್ಟಿನ ಸಣ್ಣ ಭಾಗ ಅಷ್ಟೇ. ಅದನ್ನು ದೊಡ್ಡದು ಮಾಡಿ ಸ್ಪೀಕರಿಗೆ ಕೊಡುವುದು ಆಂಪ್‌ನ ಕೆಲಸ. ಆಕ್ಟಿವ್, ಪ್ಯಾಸಿವ್ ಎಂಬ ಭೇದ ಹುಟ್ಟುವುದು ಪಿಕಪ್ ಮತ್ತು ಆಂಪ್ ನಡುವಿನ ದಾರಿಯಲ್ಲಿ.

ಪ್ಯಾಸಿವ್: ಬಂದದ್ದನ್ನು ಹಾಗೇ ಕಳಿಸುವುದು

ಪ್ಯಾಸಿವ್ ಬೇಸಿನಲ್ಲಿ ಪಿಕಪ್‌ನಿಂದ ಬಂದ ಸಿಗ್ನಲ್ ಎರಡೇ ನಾಬ್ ದಾಟಿ ಹೊರಗೆ ಹೋಗುತ್ತದೆ. ಒಂದು ವಾಲ್ಯೂಮ್, ಇನ್ನೊಂದು ಟೋನ್. ಎರಡು ಪಿಕಪ್ ಇದ್ದರೆ ಎರಡು ವಾಲ್ಯೂಮ್ ನಾಬ್ ಇರಬಹುದು. ಮುಚ್ಚಳ ಬಿಚ್ಚಿ ನೋಡಿದರೆ ಅಲ್ಲಿರುವುದು ನಾಬ್‌ಗಳ ಕೆಳಗಿನ ಪಾಟ್‌ಗಳು (ತಿರುಗಿಸಿದಂತೆ ಸಿಗ್ನಲ್ಲಿಗೆ ಅಡ್ಡಿ ಹೆಚ್ಚುಕಡಿಮೆ ಮಾಡುವ ಬಿಡಿಭಾಗ), ಒಂದು ಸಣ್ಣ ಕೆಪಾಸಿಟರ್, ಒಂದಿಷ್ಟು ವೈರ್. ಪಾಟ್‌ಗಳು ಬಹುತೇಕ 2,50,000 ಓಮ್‌ನವು. ಕೆಪಾಸಿಟರ್ ಸಾಮಾನ್ಯವಾಗಿ 0.047 ಮೈಕ್ರೋಫ್ಯಾರಡ್‌ನದ್ದು.

ಕೆಪಾಸಿಟರ್‌ನ ಒಂದು ಗುಣ ತಿಳಿದುಕೊಂಡರೆ ಟೋನ್ ನಾಬ್ ಅರ್ಥವಾಗುತ್ತದೆ. ಅದು ಮೇಲಿನ ಸ್ವರಗಳನ್ನು ಸುಲಭವಾಗಿ ಹಾಯಲು ಬಿಡುತ್ತದೆ, ಮಂದ್ರವನ್ನು ತಡೆಯುತ್ತದೆ. ಟೋನ್ ನಾಬ್ ಕಡಿಮೆ ಮಾಡಿದಾಗ ಮೇಲಿನ ಸ್ವರಗಳು, ಅಂದರೆ ಟ್ರೆಬಲ್, ಕೆಪಾಸಿಟರ್ ದಾರಿಯಲ್ಲಿ ಗ್ರೌಂಡಿಗೆ ಇಳಿದುಹೋಗುತ್ತವೆ. ಆಂಪ್‌ಗೆ ಮಂದ್ರ ಮಾತ್ರ ತಲುಪುತ್ತದೆ. ದನಿ ದುಂಡಗೆ, ಮೆತ್ತಗೆ ಆಗುತ್ತದೆ.

ಇಲ್ಲಿ ಗಮನಿಸಬೇಕಾದ್ದು: ಈ ನಾಬ್ ಕಳೆಯಬಲ್ಲದು, ಕೂಡಿಸಲಾರದು. ಕಿಟಕಿಯ ಪರದೆ ಎಳೆದು ಕೋಣೆಯ ಬೆಳಕು ಕಡಿಮೆ ಮಾಡಬಹುದು. ಪರದೆ ಪೂರ್ತಿ ಸರಿಸಿದರೆ ಹೊರಗಿರುವಷ್ಟು ಬೆಳಕು ಒಳಗೆ ಬಂದೀತು, ಅದಕ್ಕಿಂತ ಜಾಸ್ತಿ ಬೇಕೆಂದರೆ ಲೈಟ್ ಹಾಕಬೇಕು, ಲೈಟಿಗೆ ಕರೆಂಟ್ ಬೇಕು. ಪ್ಯಾಸಿವ್ ಬೇಸಿನಲ್ಲಿ ಟೋನ್ ನಾಬ್ ಹತ್ತಕ್ಕೆ ತಿರುಗಿಸಿದರೆ ಟ್ರೆಬಲ್ ಹೆಚ್ಚಾಗುವುದಿಲ್ಲ. ಕಳೆಯುವುದು ನಿಲ್ಲುತ್ತದೆ, ಅಷ್ಟೇ. ಮಂದ್ರವನ್ನು ಹೆಚ್ಚಿಸುವ ನಾಬ್ ಅಂತೂ ಇಲ್ಲವೇ ಇಲ್ಲ. ಅದೆಲ್ಲ ಬೇಕೆಂದರೆ ಆಂಪ್‌ನಲ್ಲಿ ಮಾಡಿಕೊಳ್ಳಬೇಕು.

ಕಡಿಮೆ ಸಾಮಾನು, ಕಡಿಮೆ ತೊಂದರೆ. ಅಮೆರಿಕದ ಕ್ಯಾಲಿಫೋರ್ನಿಯಾದ ಫುಲ್ಲರ್‌ಟನ್‌ನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ಹೊರತಂದಾಗ ಅದರಲ್ಲಿದ್ದದ್ದು ಒಂದು ಪಿಕಪ್, ಎರಡು ನಾಬ್. 1957ರಲ್ಲಿ ಅದಕ್ಕೆ ಎರಡು ತುಂಡಿನ ಪಿಕಪ್ ಬಂತು. 1960ರಲ್ಲಿ ಎರಡು ಪಿಕಪ್‌ನ ಜಾಝ್ ಬೇಸ್ ಬಂತು. ಇವತ್ತಿಗೂ ಅಂಗಡಿಗಳಲ್ಲಿ ಸಿಗುವ ಬೇಸ್‌ಗಳಲ್ಲಿ ಬಹಳಷ್ಟು ಇವೆರಡರ ವಂಶದವು.

ಡೆಟ್ರಾಯಿಟ್‌ನ ಮೋಟೌನ್ ಸ್ಟುಡಿಯೋದಲ್ಲಿ ನುಡಿಸುತ್ತಿದ್ದ ಜೇಮ್ಸ್ ಜೇಮರ್ಸನ್ ಕೈಯಲ್ಲಿದ್ದದ್ದು 1962ರ ಪ್ರಿಸಿಷನ್ ಬೇಸ್. ದಪ್ಪ, ನುಣುಪು ತಂತಿ. ಜಾಕೋ ಪಾಸ್ಟೋರಿಯಸ್ ನುಡಿಸಿದ್ದು ಕುತ್ತಿಗೆಯ ಮೇಲಿನ ಮೆಟ್ಟಿಲು (ಫ್ರೆಟ್) ಕಿತ್ತ 1962ರ ಜಾಝ್ ಬೇಸ್. ಎರಡೂ ಪ್ಯಾಸಿವ್. ಬೇಸ್ ಅಂದರೆ ಹೀಗೆ ಕೇಳಿಸಬೇಕು ಅಂತ ಎರಡು ತಲೆಮಾರಿನ ಕಿವಿಗೆ ಕಲಿಸಿದವರು ಇವರು.

ಆಕ್ಟಿವ್: ದಾರಿಯಲ್ಲೇ ಒಂದು ಪುಟ್ಟ ಆಂಪ್

ಆಕ್ಟಿವ್ ಬೇಸಿನಲ್ಲಿ ಪಿಕಪ್ ಆದಮೇಲೆ, ಕೇಬಲ್ಲಿಗೆ ಮೊದಲು, ಒಂದು ಪುಟ್ಟ ಸರ್ಕ್ಯೂಟ್ ಇರುತ್ತದೆ. ಅದೇ ಪ್ರೀಆಂಪ್. ಅದಕ್ಕೆ ಕರೆಂಟ್ ಕೊಡುವುದು ಆಯತಾಕಾರದ 9 ವೋಲ್ಟ್ ಬ್ಯಾಟರಿ. ಮಲ್ಟಿಮೀಟರಿಗೆ ಹಾಕುವ, ಮೇಲೆ ಎರಡು ಗುಂಡಿ ಇರುವ ಬ್ಯಾಟರಿಯೇ ಇದು.

ಕರೆಂಟ್ ಇರುವುದರಿಂದ ಈ ಸರ್ಕ್ಯೂಟ್ ಕೂಡಿಸಲೂ ಬಲ್ಲದು, ಕಳೆಯಲೂ ಬಲ್ಲದು. ಆಕ್ಟಿವ್ ಬೇಸಿನಲ್ಲಿರುವ ಬೇಸ್ (ಅಂದರೆ ಮಂದ್ರದ) ನಾಬ್, ಟ್ರೆಬಲ್ ನಾಬ್‌ಗಳನ್ನು ತಿರುಗಿಸಿ ನೋಡಿ. ಹೆಚ್ಚಿನವುಗಳಲ್ಲಿ ನಡುವೆ ಒಂದು ಕಡೆ 'ಟಿಕ್' ಎಂದು ಕಚ್ಚಿಕೊಳ್ಳುತ್ತದೆ. ಅಲ್ಲಿದ್ದರೆ ಏನೂ ಬದಲಾವಣೆ ಇಲ್ಲ. ಬಲಕ್ಕೆ ಹೋದರೆ ಆ ಸ್ವರಗಳು ಹೆಚ್ಚುತ್ತವೆ, ಎಡಕ್ಕೆ ಬಂದರೆ ಕಡಿಮೆಯಾಗುತ್ತವೆ. ಬೇಸ್, ಟ್ರೆಬಲ್ ಎರಡೇ ಇದ್ದರೆ ಎರಡು ಬ್ಯಾಂಡ್, ನಡುವಿನ ಸ್ವರಕ್ಕೂ ಮಿಡ್ ಎಂಬ ನಾಬ್ ಇದ್ದರೆ ಮೂರು ಬ್ಯಾಂಡ್. ಎಷ್ಟು ಹೆಚ್ಚಿಸಬಹುದು ಅನ್ನುವುದನ್ನು ಡೆಸಿಬಲ್‌ನಲ್ಲಿ ಹೇಳುತ್ತಾರೆ. 6 ಡೆಸಿಬಲ್ ಹೆಚ್ಚಿಸಿದರೆ ವೋಲ್ಟೇಜ್ ಎರಡು ಪಟ್ಟು, 12 ಹೆಚ್ಚಿಸಿದರೆ ನಾಲ್ಕು ಪಟ್ಟು. ಹೆಚ್ಚಿನ ಪ್ರೀಆಂಪ್‌ಗಳು 12ರ ಆಸುಪಾಸಿನವರೆಗೆ ಹೋಗುತ್ತವೆ.

ಅಂದರೆ ಆಂಪ್ ಹತ್ತಿರ ಹೋಗದೆ, ವೇದಿಕೆಯ ಮೇಲೆ ನಿಂತಲ್ಲೇ, ಹಾಡಿನಿಂದ ಹಾಡಿಗೆ ದನಿ ಬದಲಾಯಿಸಿಕೊಳ್ಳಬಹುದು. ಒಂದೇ ಸಂಜೆ ಭಾವಗೀತೆ, ಹಳೆಯ ಸಿನಿಮಾ ಹಾಡು, ಡಾನ್ಸ್ ನಂಬರ್ ಎಲ್ಲ ನುಡಿಸಬೇಕಾದ ಆರ್ಕೆಸ್ಟ್ರಾದವರಿಗೆ ಇದು ದೊಡ್ಡ ಅನುಕೂಲ.

ಈ ಯೋಚನೆ ಗಟ್ಟಿಯಾಗಿ ಬೆಳೆದದ್ದು ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ. ಗ್ರೇಟ್‌ಫುಲ್ ಡೆಡ್ ಬ್ಯಾಂಡಿನ ಒಡನಾಟದಲ್ಲಿ 1969ರಲ್ಲಿ ಶುರುವಾದ ಅಲೆಂಬಿಕ್ ಕಂಪನಿ, ಬೇಸಿನೊಳಗೇ ಎಲೆಕ್ಟ್ರಾನಿಕ್ಸ್ ಕೂರಿಸಲು ಹೊರಟಿತು. ಅವು ಕೈಯಲ್ಲಿ ಮಾಡಿದ ದುಬಾರಿ ವಾದ್ಯಗಳು. ಸಾಮಾನ್ಯ ವಾದಕರ ಕೈಗೆ ಆಕ್ಟಿವ್ ಬೇಸ್ ಬಂದದ್ದು 1976ರಲ್ಲಿ, ಮ್ಯೂಸಿಕ್ ಮ್ಯಾನ್ ಕಂಪನಿಯ ಸ್ಟಿಂಗ್‌ರೇ ಮೂಲಕ. ಅದನ್ನು ರೂಪಿಸಿದವರಲ್ಲಿ ಒಬ್ಬರು ಯಾರು ಗೊತ್ತೇ? ಅದೇ ಲಿಯೋ ಫೆಂಡರ್. ತಮ್ಮ ಮೊದಲ ಕಂಪನಿಯನ್ನು 1965ರಲ್ಲಿ ಅಮೆರಿಕದ ಪ್ರಸಾರ ಕಂಪನಿ ಸಿಬಿಎಸ್‌ಗೆ ಮಾರಿದ್ದ ಅವರು, ಹೊಸ ಕಂಪನಿಯಲ್ಲಿ ಹೊಸ ಥರದ ಬೇಸ್‌ಗೆ ಕೈಹಾಕಿದರು. ಪ್ಯಾಸಿವ್ ಬೇಸಿಗೆ ದಾರಿ ಹಾಕಿದವರೂ ಅವರೇ, ಆಕ್ಟಿವ್ ಬೇಸನ್ನು ಜನರಿಗೆ ಮುಟ್ಟಿಸಿದವರಲ್ಲೂ ಅವರಿದ್ದಾರೆ. ಹೆಬ್ಬೆರಳಿನಿಂದ ತಂತಿಗೆ ಹೊಡೆಯುವ ಸ್ಲ್ಯಾಪ್ ಶೈಲಿಯ ಲೂಯಿಸ್ ಜಾನ್ಸನ್ ಕೈಯಲ್ಲಿ ಸ್ಟಿಂಗ್‌ರೇ ಬಹಳ ಬೇಗ ಹೆಸರಾಯಿತು. ಆ ಶೈಲಿಗೆ ಬೇಕಾದ ಚುರುಕು ಟ್ರೆಬಲ್, ಗಟ್ಟಿ ಮಂದ್ರ ಎರಡೂ ಅದರ ಎರಡು ನಾಬ್‌ಗಳಲ್ಲಿತ್ತು.

ಇಲ್ಲಿ ಬಹಳ ಜನ ಎಡವುವ ಒಂದು ವಿಷಯ ಇದೆ. ಆಕ್ಟಿವ್ ಬೇಸ್ ಅಂದರೆ ಪಿಕಪ್ ಕೂಡ ಆಕ್ಟಿವ್ ಎಂದಲ್ಲ. ಸ್ಟಿಂಗ್‌ರೇ ಪಿಕಪ್ ಪ್ಯಾಸಿವ್, ಅದರ ನಂತರದ ಪ್ರೀಆಂಪ್ ಮಾತ್ರ ಆಕ್ಟಿವ್. ಮಾರುಕಟ್ಟೆಯ ಹೆಚ್ಚಿನ ಆಕ್ಟಿವ್ ಬೇಸ್‌ಗಳು ಹೀಗೇ ಇವೆ. ಆಕ್ಟಿವ್ ಪಿಕಪ್ ಎಂಬುದು ಬೇರೆ. ಅದರಲ್ಲಿ ಸುರುಳಿಯ ಸುತ್ತು ಕಡಿಮೆ ಇಟ್ಟು, ಪಿಕಪ್ ಡಬ್ಬಿಯೊಳಗೇ ಪುಟ್ಟ ಪ್ರೀಆಂಪ್ ಇಟ್ಟು ಮುಚ್ಚಿಬಿಟ್ಟಿರುತ್ತಾರೆ. ಕ್ಯಾಲಿಫೋರ್ನಿಯಾದ ಇಎಂಜಿ ಕಂಪನಿ ಇದಕ್ಕೆ ಹೆಸರುವಾಸಿ. ಅಂಗಡಿಯವರು 'ಆಕ್ಟಿವ್' ಅಂದರೆ ಯಾವ ಭಾಗ ಆಕ್ಟಿವ್ ಅಂತ ಕೇಳುವುದು ಒಳ್ಳೆಯದು.

ಹೆಚ್ಚು ಜನ ಮಾತಾಡದ ವ್ಯತ್ಯಾಸ: ಕೇಬಲ್

ನಾಬ್‌ಗಳ ವಿಷಯ ಎಲ್ಲರೂ ಹೇಳುತ್ತಾರೆ. ನನ್ನ ಪ್ರಕಾರ ಅದಕ್ಕಿಂತ ಮುಖ್ಯವಾದ ವ್ಯತ್ಯಾಸ ಇನ್ನೊಂದಿದೆ, ಕಣ್ಣಿಗೆ ಕಾಣದ್ದು. ವೇದಿಕೆಯಲ್ಲಿ ಕೆಟ್ಟ ಸೌಂಡ್ ಬಂದಾಗ ಎಷ್ಟೋ ಸಲ ಕಾರಣ ಇದೇ ಆಗಿರುತ್ತದೆ. ಅದಕ್ಕೇ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಪಿಕಪ್‌ನಲ್ಲಿರುವುದು ಸಾವಿರಾರು ಸುತ್ತಿನ ತಾಮ್ರ. ಅಷ್ಟು ಉದ್ದದ ಸಣ್ಣ ತಂತಿ ದಾಟಿ ಬರುವುದು ಸಿಗ್ನಲ್ಲಿಗೆ ಸುಲಭವಲ್ಲ. ಈ ಅಡ್ಡಿಗೆ ಇಂಪೀಡೆನ್ಸ್ ಎಂದು ಹೆಸರು, ಅಳೆಯುವುದು ಓಮ್‌ಗಳಲ್ಲಿ. ಸುರುಳಿಯ ಇಂಪೀಡೆನ್ಸ್ ಎಲ್ಲ ಸ್ವರಕ್ಕೂ ಒಂದೇ ಇರುವುದಿಲ್ಲ. ಮಂದ್ರಕ್ಕೆ ಕಡಿಮೆ, ಮೇಲೆ ಹೋದಂತೆ ಜಾಸ್ತಿ. ಜಾಝ್ ಬೇಸ್ ಥರದ ಪಿಕಪ್‌ನಲ್ಲಿ 100 ಹರ್ಟ್ಸ್‌ನಲ್ಲಿ ಸುಮಾರು 8,000 ಓಮ್ ಇರುವುದು 1,000 ಹರ್ಟ್ಸ್‌ಗೆ ಬರುವಾಗ 25,000 ದಾಟುತ್ತದೆ.

ಇಂಪೀಡೆನ್ಸ್ ಜಾಸ್ತಿ ಇರುವ ಮೂಲಕ್ಕೆ ಬಲ ಕಡಿಮೆ. ಮುಂದೆ ಏನನ್ನು ಸೇರಿಸುತ್ತೀರಿ ಅನ್ನುವುದರ ಮೇಲೆ ಅದರ ದನಿ ಬದಲಾಗುತ್ತದೆ. ಗಿಟಾರ್ ಕೇಬಲ್ ಕೂಡ ಸುಮ್ನೆ ವೈರ್ ಅಲ್ಲ. ನಡುವಿನ ತಂತಿ, ಅದರ ಸುತ್ತಲಿನ ಜಾಲರಿ ಎರಡೂ ಸೇರಿ ಒಂದು ಕೆಪಾಸಿಟರ್ ಆಗುತ್ತವೆ. ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಅನ್ನುವುದು ಸಾಮಾನ್ಯ ಲೆಕ್ಕ. 5 ಮೀಟರ್ ಕೇಬಲ್ ಅಂದರೆ 500. ಟೋನ್ ನಾಬಿನ ಕೆಪಾಸಿಟರ್‌ನ ಸುಮಾರು ನೂರರಲ್ಲಿ ಒಂದು ಪಾಲು. ಸಣ್ಣದೇ, ಆದರೆ ಆಫ್ ಮಾಡಲು ಆಗದ ಟೋನ್ ನಾಬ್ ಅದು.

ಪಿಕಪ್‌ನ ಸುರುಳಿ ಮತ್ತು ಕೇಬಲ್‌ನ ಕೆಪಾಸಿಟರ್ ಸೇರಿದಾಗ ಒಂದು ಜಾಗದಲ್ಲಿ ಸ್ವರ ಸ್ವಲ್ಪ ಉಬ್ಬುತ್ತದೆ, ಅದರ ಮೇಲೆ ಬೇಗ ಬಿದ್ದುಹೋಗುತ್ತದೆ. ಮೇಲೆ ಹೇಳಿದ ಥರದ ಪಿಕಪ್ ಹಿಡಿದು ಲೆಕ್ಕ ಹಾಕಿದರೆ, 3 ಮೀಟರ್ ಕೇಬಲಿನಲ್ಲಿ ಆ ಉಬ್ಬು ಸುಮಾರು 4,000 ಹರ್ಟ್ಸ್ ಹತ್ತಿರ ಇರುತ್ತದೆ. 10 ಮೀಟರ್ ಕೇಬಲ್ ಹಾಕಿದರೆ ಸುಮಾರು 2,400ಕ್ಕೆ ಇಳಿಯುತ್ತದೆ. ಅದೇ ಬೇಸ್, ಅದೇ ಕೈ, ಕೇಬಲ್ ಮಾತ್ರ ಉದ್ದ. ದನಿಯ ಹೊಳಪು ಕಮ್ಮಿಯಾಗುತ್ತದೆ. ಈ ಇಳಿತವನ್ನೇ ಇಷ್ಟಪಡುವವರೂ ಇದ್ದಾರೆ, ಅದು ಬೇರೆ ಮಾತು.

ಪ್ರೀಆಂಪ್ ಈ ಸಮಸ್ಯೆಯನ್ನು ಬೇಸಿನೊಳಗೇ ಮುಗಿಸುತ್ತದೆ. ಪಿಕಪ್‌ನ ಕಡೆಗೆ ಅದು ಬಹಳ ದೊಡ್ಡ ಇಂಪೀಡೆನ್ಸ್ ತೋರಿಸುತ್ತದೆ, ಹಾಗಾಗಿ ಪಿಕಪ್ ಮೇಲೆ ಹೊರೆ ಬೀಳುವುದಿಲ್ಲ. ಕೇಬಲ್ ಕಡೆಗೆ ಅದರ ಇಂಪೀಡೆನ್ಸ್ ಕೆಲವೇ ಸಾವಿರ ಓಮ್, ಅಥವಾ ಇನ್ನೂ ಕಡಿಮೆ. ಅಷ್ಟು ಬಲ ಇದ್ದರೆ 3 ಮೀಟರ್ ಆದರೇನು, 10 ಮೀಟರ್ ಆದರೇನು, ದನಿ ಹೆಚ್ಚುಕಡಿಮೆ ಒಂದೇ. ನಾಬ್‌ಗಳನ್ನೆಲ್ಲ ನಡುವಿನಲ್ಲೇ ಬಿಟ್ಟರೂ ಆಕ್ಟಿವ್ ಬೇಸ್ ಸ್ವಲ್ಪ ಸ್ವಚ್ಛವಾಗಿ, ಚುರುಕಾಗಿ ಕೇಳಿಸಲು ಒಂದು ಮುಖ್ಯ ಕಾರಣ ಇದು.

ಈಗ ನಮ್ಮ ಊರುಗಳ ಕಡೆಗೆ ಬನ್ನಿ. ಗಣೇಶನ ಪೆಂಡಾಲ್, ರಾಜ್ಯೋತ್ಸವದ ಆರ್ಕೆಸ್ಟ್ರಾ, ಮದುವೆಯ ರಿಸೆಪ್ಷನ್, ಚರ್ಚ್. ಇಂಥ ಕಡೆ ಬೇಸ್‌ಗೆ ಬೇರೆ ಆಂಪ್ ಇಲ್ಲದಿರುವುದೇ ಹೆಚ್ಚು. ಸೌಂಡ್‌ನವರು ಕೇಬಲ್ ತೆಗೆದುಕೊಂಡು ನೇರ ಮಿಕ್ಸರಿಗೆ ಚುಚ್ಚುತ್ತಾರೆ. ಬೇಸ್ ಆಂಪ್‌ನ ಒಳದಾರಿಯ ಇಂಪೀಡೆನ್ಸ್ ಸುಮಾರು 10 ಲಕ್ಷ ಓಮ್ ಇರುತ್ತದೆ. ಪ್ಯಾಸಿವ್ ಪಿಕಪ್‌ಗೆ ಅಂಥದ್ದೇ ಬೇಕು. ಮಿಕ್ಸರ್‌ನ ಲೈನ್ ಇನ್‌ಪುಟ್‌ನಲ್ಲಿ ಇರುವುದು ಸಾಮಾನ್ಯವಾಗಿ 10,000 ಓಮ್ ಆಸುಪಾಸು. ಪ್ಯಾಸಿವ್ ಬೇಸನ್ನು ಅಲ್ಲಿಗೆ ಚುಚ್ಚಿದರೆ 100 ಹರ್ಟ್ಸ್‌ನಲ್ಲಿ ಅರ್ಧದಷ್ಟು ವೋಲ್ಟೇಜ್ ಮಾತ್ರ ಉಳಿಯುತ್ತದೆ, 1,000 ಹರ್ಟ್ಸ್‌ನಲ್ಲಿ ಮೂರರಲ್ಲೊಂದು ಪಾಲು. ಸದ್ದು ಸಣ್ಣಗಾಯಿತು ಎಂದು ಸೌಂಡ್‌ನವರು ಬಂದ ಸಿಗ್ನಲ್ಲನ್ನು ಹೆಚ್ಚಿಸುವ ಗೇನ್ ನಾಬ್ ಏರಿಸುತ್ತಾರೆ. ಸದ್ದೇನೋ ಬರುತ್ತದೆ, ಆದರೆ ಕಂಬಳಿ ಹೊದಿಸಿದ ಹಾಗೆ ಮಂಕಾಗಿ. ಬೇಸ್ ಚೆನ್ನಾಗಿಲ್ಲ ಅಂತ ಎಲ್ಲರೂ ವಾದ್ಯವನ್ನು ಬೈಯುತ್ತಾರೆ.

ಇದಕ್ಕೆ ಪರಿಹಾರ ಡಿಐ ಬಾಕ್ಸ್. ಬೇಸ್ ಮತ್ತು ಮಿಕ್ಸರ್ ನಡುವೆ ಕೂತು, ಬೇಸಿಗೆ ದೊಡ್ಡ ಇಂಪೀಡೆನ್ಸ್ ತೋರಿಸಿ ಮಿಕ್ಸರಿಗೆ ಸರಿಹೊಂದುವ ಸಿಗ್ನಲ್ ಕೊಡುವ, ಅಂಗೈಗಿಂತ ಸ್ವಲ್ಪ ದೊಡ್ಡ ಪೆಟ್ಟಿಗೆ. ಅದರಲ್ಲೂ ಆಕ್ಟಿವ್, ಪ್ಯಾಸಿವ್ ಎಂದು ಎರಡು ಬಗೆ ಇವೆ. ನೆನಪಿಡಲು ಸುಲಭ: ಬೇಸ್ ಪ್ಯಾಸಿವ್ ಆದರೆ ಡಿಐ ಆಕ್ಟಿವ್ ಇರಲಿ. ಬೇಸ್ ಆಕ್ಟಿವ್ ಆದರೆ ಎರಡರಲ್ಲಿ ಯಾವುದಾದರೂ ನಡೆಯುತ್ತದೆ. ಕೆಲವು ಮಿಕ್ಸರ್‌ಗಳಲ್ಲಿ ಒಂದೆರಡು ಚಾನಲ್‌ಗೆ 'ಹೈ-ಝಡ್' ಎಂಬ ಸ್ವಿಚ್ ಇರುತ್ತದೆ. ಅದನ್ನು ಒತ್ತಿದರೆ ಆ ಚಾನಲ್ ಗಿಟಾರಿಗೆ ಸರಿಹೊಂದುವ ದೊಡ್ಡ ಇಂಪೀಡೆನ್ಸ್‌ಗೆ ಬದಲಾಗುತ್ತದೆ. ಸೌಂಡ್‌ನವರ ಹತ್ತಿರ ಮೊದಲೇ ಕೇಳಿಟ್ಟುಕೊಳ್ಳಿ.

ಆಂಪ್ ಇಲ್ಲದೆ, ಡಿಐ ಇಲ್ಲದೆ, ಸಿಕ್ಕ ಮಿಕ್ಸರಿಗೆ ಚುಚ್ಚಿ ನುಡಿಸಬೇಕಾದ ಪರಿಸ್ಥಿತಿ ನಿಮ್ಮದಾದರೆ ಆಕ್ಟಿವ್ ಬೇಸಿಗೆ ಕೊಡುವ ಹೆಚ್ಚಿನ ದುಡ್ಡಿಗೆ ಅರ್ಥ ಇದೆ. ಮನೆಯಲ್ಲಿ ಸ್ವಂತ ಬೇಸ್ ಆಂಪ್ ಇಟ್ಟುಕೊಂಡು ಕಲಿಯುವವರಿಗೆ ಈ ಕಾರಣ ಅನ್ವಯಿಸುವುದೇ ಇಲ್ಲ.

ಬ್ಯಾಟರಿಯ ಲೆಕ್ಕ

ಬ್ಯಾಟರಿ ಎಷ್ಟು ದಿನ ಬರುತ್ತದೆ? ಒಳ್ಳೆಯ ಆಲ್ಕಲೈನ್ 9 ವೋಲ್ಟ್ ಬ್ಯಾಟರಿಯಲ್ಲಿ ಸುಮಾರು 500 ಮಿಲಿಆಂಪಿಯರ್-ಅವರ್ ಶಕ್ತಿ ಇರುತ್ತದೆ. ಪ್ರೀಆಂಪ್ ಅರ್ಧ ಮಿಲಿಆಂಪಿಯರ್ ಎಳೆಯುತ್ತದೆ ಅಂದುಕೊಂಡರೆ 1,000 ಗಂಟೆ. ದಿನಕ್ಕೆ ಒಂದು ಗಂಟೆ ನುಡಿಸುವವರಿಗೆ ಎರಡು ವರ್ಷಕ್ಕೂ ಮೀರಿ ಬರಬೇಕು. ಆದರೂ ಎಷ್ಟೋ ಜನರ ಬ್ಯಾಟರಿ ಎರಡು ತಿಂಗಳೂ ಬರುವುದಿಲ್ಲ. ಯಾಕೆ?

ಹೆಚ್ಚಿನ ಆಕ್ಟಿವ್ ಬೇಸ್‌ಗಳಲ್ಲಿ ಆನ್-ಆಫ್ ಸ್ವಿಚ್ ಇರುವುದಿಲ್ಲ. ಕೇಬಲ್ ಚುಚ್ಚುವ ಜಾಕ್‌ಗೇ ಆ ಕೆಲಸ ಕೊಟ್ಟಿರುತ್ತಾರೆ. ಅದು ಮೂರು ಸಂಪರ್ಕದ ಸ್ಟೀರಿಯೋ ಜಾಕ್. ಬ್ಯಾಟರಿಯ ಒಂದು ತುದಿಯನ್ನು ಅದರ ನಡುವಿನ ಸಂಪರ್ಕಕ್ಕೆ ಕಟ್ಟಿರುತ್ತಾರೆ. ಸಾಮಾನ್ಯ ಗಿಟಾರ್ ಕೇಬಲಿನ ಪಿನ್ ಒಳಗೆ ಹೋದಾಗ ಆ ಸಂಪರ್ಕ ಗ್ರೌಂಡಿಗೆ ಸೇರುತ್ತದೆ, ಸರ್ಕ್ಯೂಟ್ ಪೂರ್ತಿಯಾಗುತ್ತದೆ, ಪ್ರೀಆಂಪ್ ಶುರುವಾಗುತ್ತದೆ. ಕೇಬಲ್ ತೆಗೆದರೆ ನಿಲ್ಲುತ್ತದೆ. ನೀವು ನುಡಿಸುತ್ತಿದ್ದೀರೋ ಇಲ್ಲವೋ ಅನ್ನುವುದು ಅದಕ್ಕೆ ಲೆಕ್ಕಕ್ಕಿಲ್ಲ. ಅಭ್ಯಾಸ ಮುಗಿಸಿ ಆಂಪ್ ಆಫ್ ಮಾಡಿ, ಕೇಬಲ್ ಮಾತ್ರ ಬೇಸಿನಲ್ಲೇ ಬಿಟ್ಟರೆ ಹಗಲೂ ರಾತ್ರಿ ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ. ಮೇಲಿನ 1,000 ಗಂಟೆ ಹೀಗಾದರೆ ಆರೇ ವಾರ.

ನುಡಿಸಿದ ಮೇಲೆ ಬೇಸಿನ ಕಡೆಯ ಪಿನ್ ಎಳೆದಿಡಿ. ಆಕ್ಟಿವ್ ಬೇಸ್ ಇರುವ ಮನೆಯಲ್ಲಿ ರೂಢಿ ಮಾಡಿಕೊಳ್ಳಬೇಕಾದ್ದು ಇದೊಂದೇ.

ಬ್ಯಾಟರಿ ಮುಗಿಯುವ ಮೊದಲು ಸೂಚನೆ ಸಿಗುತ್ತದೆ. ಜೋರಾಗಿ ಮೀಟಿದಾಗ ದನಿ ಒಡೆದಂತೆ, ಕರಕರ ಎಂದು ಕೇಳಿಸುತ್ತದೆ, ಸದ್ದು ತಗ್ಗುತ್ತದೆ. ಆಮೇಲೆ ಪೂರ್ತಿ ನಿಲ್ಲುತ್ತದೆ. ಹಾಡಿನ ನಡುವೆ ಹೀಗಾದರೆ ಏನು ಮಾಡುವುದು ಎಂಬ ಭಯ ನ್ಯಾಯವಾದದ್ದೇ. ಅದಕ್ಕಾಗಿ ಕೆಲವು ಬೇಸ್‌ಗಳಲ್ಲಿ ಆಕ್ಟಿವ್/ಪ್ಯಾಸಿವ್ ಸ್ವಿಚ್ ಕೊಟ್ಟಿರುತ್ತಾರೆ. ಪ್ಯಾಸಿವ್ ಕಡೆಗೆ ಹಾಕಿದರೆ ಪ್ರೀಆಂಪ್ ದಾರಿ ಬಿಟ್ಟು ಪಿಕಪ್ ನೇರ ಹೊರಗೆ ಹೋಗುತ್ತದೆ, ಬ್ಯಾಟರಿ ಸತ್ತಿದ್ದರೂ ಕಛೇರಿ ನಡೆಯುತ್ತದೆ. ಈ ಸ್ವಿಚ್ ಇರುವ ಬೇಸ್ ಸಿಕ್ಕರೆ ಅದನ್ನೇ ಆರಿಸಿ ಎಂದು ಧೈರ್ಯವಾಗಿ ಹೇಳಬಲ್ಲೆ. ಇಲ್ಲದಿದ್ದರೆ ಕೇಸಿನಲ್ಲಿ ಒಂದು ಹೊಸ ಬ್ಯಾಟರಿ ಸದಾ ಇರಲಿ. ತಿಂಗಳುಗಟ್ಟಲೆ ನುಡಿಸದೆ ಇಡುವುದಾದರೆ ಬ್ಯಾಟರಿ ತೆಗೆದಿಡಿ, ಸೋರಿದರೆ ಸಂಪರ್ಕಗಳು ತುಕ್ಕು ಹಿಡಿಯುತ್ತವೆ.

ಕೆಲವದರಲ್ಲಿ ಎರಡು ಬ್ಯಾಟರಿ, 18 ವೋಲ್ಟ್ ಇರುತ್ತದೆ. ಇದರಿಂದ ಸದ್ದು ಎರಡು ಪಟ್ಟಾಗುವುದಿಲ್ಲ. ಜೋರಾಗಿ ಸ್ಲ್ಯಾಪ್ ಮಾಡಿದಾಗ ಸಿಗ್ನಲ್ ಪ್ರೀಆಂಪ್‌ನ ಮಿತಿಗೆ ತಾಗಿ ಒಡೆಯದಂತೆ ಮೇಲೆ ಜಾಗ ಸಿಗುತ್ತದೆ, ಅಷ್ಟೇ.

ಹಮ್, ಜೋರು, ಹೊಸದು

ಆಕ್ಟಿವ್ ಬೇಸ್ ಗುಂಯ್‌ಗುಡುವುದಿಲ್ಲ ಎಂಬ ಮಾತು ಕೇಳಿರುತ್ತೀರಿ. ನಮ್ಮ ಮನೆಯ ಕರೆಂಟ್ 50 ಹರ್ಟ್ಸ್‌ನದ್ದು. ಸುತ್ತಲಿನ ವೈರಿಂಗ್, ಟ್ರಾನ್ಸ್‌ಫಾರ್ಮರ್‌ಗಳಿಂದ ಹೊಮ್ಮುವ ಆ ಗುಂಯ್ ಸದ್ದನ್ನು, ಅಂದರೆ ಹಮ್ ಅನ್ನು, ಒಂಟಿ ಸುರುಳಿಯ ಪಿಕಪ್ ಹಿಡಿದುಕೊಳ್ಳುತ್ತದೆ. ಪ್ರೀಆಂಪ್ ಅದನ್ನು ತೆಗೆಯುವುದಿಲ್ಲ, ಸ್ವರದ ಜೊತೆ ಅದನ್ನೂ ಹೆಚ್ಚಿಸುತ್ತದೆ. ಹಮ್ ಹೋಗಬೇಕಾದರೆ ಉಲ್ಟಾ ಸುತ್ತಿದ ಎರಡು ಸುರುಳಿ ಬೇಕು, ಒಂದರ ಹಮ್ ಇನ್ನೊಂದರದ್ದನ್ನು ಹೊಡೆದುಹಾಕುತ್ತದೆ. ಪ್ಯಾಸಿವ್ ಪ್ರಿಸಿಷನ್ ಬೇಸಿನ ಎರಡು ತುಂಡಿನ ಪಿಕಪ್ 1957ರಿಂದ ಮಾಡುತ್ತಿರುವುದು ಇದನ್ನೇ. ಆಕ್ಟಿವ್ ಬೇಸಿನಲ್ಲಿ ಟ್ರೆಬಲ್ ಪೂರ್ತಿ ಏರಿಸಿದರೆ 'ಸ್‌ಸ್' ಎಂಬ ಸಣ್ಣ ಸದ್ದು ಹೊಸದಾಗಿ ಸೇರುವುದೂ ಉಂಟು.

ಆಕ್ಟಿವ್ ಜೋರು ಎಂಬುದು ಅರ್ಧ ನಿಜ. ಹೊರಬರುವ ವೋಲ್ಟೇಜ್ ಸಾಮಾನ್ಯವಾಗಿ ಜಾಸ್ತಿ ಇರುತ್ತದೆ. ಅದಕ್ಕೇ ಕೆಲವು ಬೇಸ್ ಆಂಪ್‌ಗಳಲ್ಲಿ ಆಕ್ಟಿವ್ ಎಂದು ಬೇರೆ ಇನ್‌ಪುಟ್, ಅಥವಾ ಒತ್ತುವ ಗುಂಡಿ ಇರುತ್ತದೆ, ಅದು ಬಂದ ಸಿಗ್ನಲ್ಲನ್ನು ತಗ್ಗಿಸುತ್ತದೆ. ಸಭಾಂಗಣದಲ್ಲಿ ಎಷ್ಟು ಜೋರಾಗಿ ಕೇಳಬೇಕು ಅನ್ನುವುದನ್ನು ತೀರ್ಮಾನಿಸುವುದು ಆಂಪ್ ಮತ್ತು ಸ್ಪೀಕರ್.

ಆಕ್ಟಿವ್ ಬೇಸ್ ಹೊಸ ಕಾಲದ್ದು, ಪ್ಯಾಸಿವ್ ಹಳೆಯ ಕಾಲದ್ದು ಎಂಬುದಂತೂ ನಿಲ್ಲುವ ಮಾತಲ್ಲ. ಬೇಸ್ ವಾದಕ ಪೀನೋ ಪಲ್ಲಡೀನೋ 1980ರ ದಶಕದಲ್ಲಿ ಮೆಟ್ಟಿಲಿಲ್ಲದ ಸ್ಟಿಂಗ್‌ರೇಯಿಂದ ಹೆಸರಾದರು. ಆಮೇಲೆ ಅವರ ಕೈಗೆ ಬಂದದ್ದು ಪ್ಯಾಸಿವ್ ಪ್ರಿಸಿಷನ್ ಬೇಸ್. ಇನ್ನೊಬ್ಬ ಬೇಸ್ ವಾದಕ ಮಾರ್ಕಸ್ ಮಿಲ್ಲರ್ ಮಾಡಿದ್ದು ಇದರ ಉಲ್ಟಾ. ತಮ್ಮ 1977ರ ಜಾಝ್ ಬೇಸ್‌ಗೆ ನ್ಯೂಯಾರ್ಕಿನ ವಾದ್ಯ ತಯಾರಕ ರಾಜರ್ ಸಡೌಸ್ಕಿ ಅವರಿಂದ ಪ್ರೀಆಂಪ್ ಹಾಕಿಸಿಕೊಂಡರು. ಯಾವ ಹಾಡಿಗೆ ಯಾವ ದನಿ ಬೇಕೋ ಅದನ್ನು ನೋಡಿ ಆರಿಸಿಕೊಂಡವರು ಇವರು.

ಅಂಗಡಿಯಲ್ಲಿ ನಿಂತಾಗ

ಬೇಸ್ ತಿರುಗಿಸಿ ಹಿಂಭಾಗ ನೋಡಿ. ಬ್ಯಾಟರಿಗೆ ಸಣ್ಣ ಬಾಗಿಲು ಇದ್ದರೆ ಆಕ್ಟಿವ್. ಕೆಲವದರಲ್ಲಿ ಬ್ಯಾಟರಿ ದೊಡ್ಡ ಮುಚ್ಚಳದ ಒಳಗೇ ಇರುತ್ತದೆ, ಬದಲಿಸಬೇಕಾದರೆ ಪ್ರತಿ ಸಲ ಸ್ಕ್ರೂ ಬಿಚ್ಚಬೇಕು. ಇದನ್ನೂ ಕೇಳಿಕೊಳ್ಳಿ.

ನಮ್ಮಲ್ಲಿ ಹೆಚ್ಚು ಕಾಣುವ ಮಾಡೆಲ್‌ಗಳಲ್ಲಿ ಯಮಹಾದ ಟಿಆರ್‌ಬಿಎಕ್ಸ್ 174 ಪ್ಯಾಸಿವ್, 304 ಆಕ್ಟಿವ್. ಸ್ಕ್ವಯರ್ ಅಫಿನಿಟಿ ಸಾಲಿನ ಪ್ರಿಸಿಷನ್, ಜಾಝ್ ಎರಡೂ ಪ್ಯಾಸಿವ್. ಐಬನೆಝ್ ಜಿಎಸ್‌ಆರ್ 200ರಲ್ಲಿ ಮಂದ್ರವನ್ನು ಹೆಚ್ಚಿಸುವ ಒಂದೇ ಆಕ್ಟಿವ್ ನಾಬ್ ಇದೆ, ಉಳಿದದ್ದು ಸಾಮಾನ್ಯ ಪ್ಯಾಸಿವ್ ಥರ. ಅದೇ ಕಂಪನಿಯ ಎಸ್‌ಆರ್ 300 ಸಾಲಿನಲ್ಲಿ ಪೂರ್ತಿ ಮೂರು ಬ್ಯಾಂಡ್ ಸಿಗುತ್ತದೆ.

ಆಕ್ಟಿವ್ ಬೇಸ್ ನೋಡುತ್ತಿದ್ದರೆ ಎಲ್ಲ ನಾಬ್‌ಗಳನ್ನು ನಡುವಿನ ಟಿಕ್‌ಗೆ ತಂದು ಮೊದಲು ಹಾಗೇ ನುಡಿಸಿ, ಅಥವಾ ನುಡಿಸಿಸಿ ಕೇಳಿ. ಏನೂ ಹೆಚ್ಚಿಸದೆಯೇ ದನಿ ಇಷ್ಟವಾಗಬೇಕು. ಅಂಗಡಿಯ ಸಣ್ಣ ಆಂಪ್‌ನಲ್ಲಿ ಬೇಸ್ ನಾಬ್ ಪೂರ್ತಿ ಏರಿಸಿದರೆ ಮೊದಲ ಕ್ಷಣಕ್ಕೆ ಭರ್ಜರಿ ಅನಿಸುತ್ತದೆ. ಅದನ್ನು ನೋಡಿ ತೀರ್ಮಾನಿಸಬೇಡಿ. 8 ಇಂಚಿನ ಸ್ಪೀಕರಿಗೆ 41 ಹರ್ಟ್ಸ್ ಸ್ವರವನ್ನು ಗಟ್ಟಿಯಾಗಿ ಹೊರಡಿಸುವುದೇ ಕಷ್ಟ. ನಾಬ್ ಏರಿಸಿದಷ್ಟೂ ಆಂಪ್ ಒದ್ದಾಡುತ್ತದೆ, ಸ್ವರ ಕಲಸಿಹೋಗುತ್ತದೆ.

ಮೊದಲ ಬೇಸ್ ಕೊಳ್ಳುವವರಿಗೆ ನಾಬ್ ಕಡಿಮೆ ಇರುವುದು ಒಂದು ಲಾಭವೇ. ದನಿ ಸರಿ ಬರದಿದ್ದರೆ ಬೆರಳು ಎಲ್ಲಿ ಮೀಟುತ್ತಿದೆ, ಎಷ್ಟು ಬಲವಾಗಿ ಮೀಟುತ್ತಿದೆ ಎಂದು ನೋಡಿಕೊಳ್ಳುವುದು ಬಿಟ್ಟು ಬೇರೆ ದಾರಿ ಇರುವುದಿಲ್ಲ. ದೇಹದ ಮೇಲೆ ತಂತಿಗಳು ಕೊನೆಯಾಗುವ ಬ್ರಿಡ್ಜ್ ಹತ್ತಿರ ಮೀಟಿದರೆ ದನಿ ಬಿಗಿ, ಕುತ್ತಿಗೆಯ ಹತ್ತಿರ ಮೀಟಿದರೆ ದುಂಡು. ಈ ವ್ಯತ್ಯಾಸ ಯಾವ ಪ್ರೀಆಂಪ್ ನಾಬ್‌ಗಿಂತ ಕಮ್ಮಿಯಿಲ್ಲ. ಕುತ್ತಿಗೆ ಕೈಗೆ ಒಗ್ಗುತ್ತದೆಯೇ, ತಂತಿಗಳು ಅತಿ ಎತ್ತರ ಇಲ್ಲವೇ, ನಿಂತಾಗ ತೂಕ ಭುಜಕ್ಕೆ ಹೊರೆಯಾಗುತ್ತದೆಯೇ ಎಂಬುದನ್ನು ಆಕ್ಟಿವ್, ಪ್ಯಾಸಿವ್ ಪ್ರಶ್ನೆಗಿಂತ ಮೊದಲು ನೋಡಿ.

ಪ್ಯಾಸಿವ್ ಕೊಂಡು ಆಮೇಲೆ ಬೇರೆ ದನಿ ಬೇಕೆನಿಸಿದರೆ ಬೇಸ್ ಬದಲಿಸಬೇಕಿಲ್ಲ. ಕಾಲಿನ ಹತ್ತಿರ ಇಡುವ ಪ್ರೀಆಂಪ್ ಪೆಡಲ್‌ಗಳು ಸಿಗುತ್ತವೆ. ನಾಬ್‌ಗಳೂ ಇರುತ್ತವೆ, ಬಲವಾದ ಔಟ್‌ಪುಟ್ ಕೂಡ ಇರುತ್ತದೆ, ಹಲವದರಲ್ಲಿ ಡಿಐ ಒಳಗೇ ಸೇರಿರುತ್ತದೆ. ಬೇಸ್‌ನಿಂದ ಪೆಡಲ್‌ವರೆಗಿನ ಕೇಬಲ್ ಚಿಕ್ಕದಿದ್ದರೆ, ಅಲ್ಲಿಂದ ಮಿಕ್ಸರ್ ಎಷ್ಟೇ ದೂರ ಇರಲಿ, ಸಿಗ್ನಲ್ ಸರಿಯಾಗಿ ತಲುಪುತ್ತದೆ. ಅಡಾಪ್ಟರ್‌ನಿಂದ ನಡೆಯುವ ಪೆಡಲ್ ಆದರೆ ಬ್ಯಾಟರಿಯ ಚಿಂತೆಯೂ ಇಲ್ಲ.